ಅಂಗಿ ಮಾತ್ರ ಬಿಚ್ಚಬೇಡ ಮಾರಾಯ

ನಿಮ್ಮ ಶಾಲೆಯ ಫುಟ್ಬಾಲ್ ಟೀಮು ಮೊದಲ ಸಲ ಜಿಲ್ಲಾ ಫೈನಲ್‌ಗೆ ಬಂದಿದೆ, ಟೆನ್ಶನ್ ಕಡಿಮೆ ಮಾಡೋದು ಹೇಗೆ ಅಂತ ಕೇಳಿದ್ದೀಯ. ಯಾಕಪ್ಪ ಕಡಿಮೆ ಮಾಡಬೇಕು? ಇರಲಿ ಬಿಡು. ನಾವು ಸೋತದ್ದು ಟೆನ್ಶನ್‌ನಿಂದ ಅಲ್ಲ, ನನ್ನ ಖುಷಿಯಿಂದ.

2009ರಲ್ಲಿ ನಾನು ಮಂಗಳೂರಲ್ಲಿ ಹತ್ತನೇ ಕ್ಲಾಸು, ಟೀಮಿನ ಫಾರ್ವರ್ಡ್. ತಾಲೂಕು ಮಟ್ಟವನ್ನೇ ದಾಟಿರದ ಶಾಲೆ ನಮ್ಮದು. ಆ ಮಳೆಗಾಲ ಒಂದೂ ಮ್ಯಾಚ್ ಸೋಲದೆ ಫೈನಲ್‌ಗೆ ಬಂದೆವು. ಗೆದ್ದರೆ ಮೈಸೂರು ವಿಭಾಗ ಮಟ್ಟ. ಅವತ್ತು ನೆಹರೂ ಮೈದಾನದಲ್ಲಿ ಜಡಿಮಳೆ. ನೆಲದ ಮೇಲೆ ಪಾಸ್ ಕೊಟ್ಟರೆ ಚೆಂಡು ನೀರಲ್ಲಿ ಕೂತೇ ಬಿಡುತ್ತಿತ್ತು.

ಫಸ್ಟ್ ಹಾಫಲ್ಲಿ ಅವರ ಫ್ರೀ ಕಿಕ್‌ಗೆ 9.15 ಮೀಟರ್ ದೂರ ನಿಲ್ಲದೆ ಸುಮ್ನೆ ಅಡ್ಡ ನಿಂತೆ. ಹಳದಿ ಕಾರ್ಡ್. ಅದನ್ನು ಅಲ್ಲೇ ಮರೆತೂ ಬಿಟ್ಟೆ.

ಮುಗಿಯಲು 12 ನಿಮಿಷ ಇರುವಾಗ ಅವರ ಕೀಪರ್ ಕೈಯಿಂದ ಚೆಂಡು ಜಾರಿತು. ಕಾಲು ಹಾಕಿದೆ, ಗೋಲ್! ಟಿವಿಯಲ್ಲಿ ನೋಡಿದ ಹಾಗೆ ಓಡುತ್ತಾ ಜೆರ್ಸಿ ಮೇಲಕ್ಕೆಳೆದೆ. ಒದ್ದೆ ಬಟ್ಟೆ ಅಲ್ವಾ, ಮುಖಕ್ಕೇ ಅಂಟಿಕೊಂಡಿತು. ಕಣ್ಣು ಕಾಣಲ್ಲ, ಬಾಯಲ್ಲಿ ಕೆಸರಿನ ರುಚಿ. ಸೀಟಿ ಕೇಳಿಸಿತು. ಗೋಲಿಗೆ ಊದಿದ್ದು ಅಂದುಕೊಂಡೆ. ಕುತ್ತಿಗೆಯಿಂದ ಅಂಗಿ ಬಿಡಿಸಿಕೊಂಡು ನೋಡಿದರೆ ರೆಫ್ರಿ ಎದುರಿಗೇ ನಿಂತಿದ್ದಾರೆ. ಮೊದಲು ಹಳದಿ, ಹಿಂದೆಯೇ ಕೆಂಪು. ಒಂದೇ ಮ್ಯಾಚಲ್ಲಿ ಎರಡನೇ ಹಳದಿ ಅಂದರೆ ಕೆಂಪು, ಮೈದಾನದಿಂದ ಹೊರಗೆ.

ಗೋಲು ಹೊಡೆದು ಅಂಗಿ ಬಿಚ್ಚಿದರೆ ಹಳದಿ ಕಾರ್ಡ್ ಕಡ್ಡಾಯ, 2004ರಿಂದ. ರೆಫ್ರಿ ಮನಸ್ಸು ಮಾಡಿದರೂ ಬಿಡುವ ಹಾಗಿಲ್ಲ. ಪೂರ್ತಿ ಬಿಚ್ಚಬೇಕು ಅಂತಲೂ ಇಲ್ಲ, ಅಂಗಿಯಿಂದ ತಲೆ ಮುಚ್ಚಿದರೂ ಆಯಿತು. ಈಗಂತೂ ಗೋಲು ರದ್ದಾದರೂ ಕಾರ್ಡ್ ಉಳಿಯುತ್ತದೆ. ಕೆಂಪು ಸಿಕ್ಕಿದವನ ಬದಲಿಗೆ ಯಾರೂ ಇಳಿಯುವಂತಿಲ್ಲ. ಆಗ ಇದ್ದ ನಿಯಮವೆಲ್ಲ ನನಗೆ ಗೊತ್ತಿತ್ತು, ಪೀಟಿ ಮಾಸ್ಟ್ರು ಬೊಬ್ಬೆ ಹೊಡೆದು ಹೇಳಿದ್ದರು. ಅದೇ ಇವತ್ತಿಗೂ ಉರಿಯೋದು.

ಹತ್ತೇ ಜನ, ಕೆಸರಿನಲ್ಲಿ ಎಷ್ಟು ಓಡಿಯಾರು? 2-1ಕ್ಕೆ ಸೋತೆವು.

ಹಾಗಾಗಿ ಪ್ರಾಣಾಯಾಮ ಗೀಣಾಯಾಮ ನನ್ನ ಹತ್ತಿರ ಕೇಳಬೇಡ. ಗೋಲು ಬಿದ್ದರೆ ಎಲ್ಲಿಗೆ ಓಡಬೇಕು ಅಂತ ಈಗಲೇ ಟೀಮಲ್ಲಿ ಮಾತಾಡಿಕೊಳ್ಳಿ. ನಿಮ್ಮ ಕೀಪರ್ ಹತ್ತಿರ ಓಡಿ, ಪಾಪ ಅವನನ್ನು ಯಾರೂ ಅಪ್ಪಿಕೊಳ್ಳಲ್ಲ. ಹಾಫ್ ಟೈಮಲ್ಲಿ ಯಾರಿಗೆ ಕಾರ್ಡ್ ಇದೆ ಅಂತ ಹೆಸರು ಹಿಡಿದು ಕೂಗಿ ಹೇಳಲಿಕ್ಕೆ ಒಬ್ಬನನ್ನು ಇಡಿ.

ರನ್ನರ್ಸ್ ಅಪ್ ಫೋಟೋ ಶಾಲೆಯ ಆಫೀಸಲ್ಲಿ ಈಗಲೂ ಇದೆ. ತುದಿಯಲ್ಲಿ ನಿಂತಿರುವ ನಾನು ಅವಸರದಲ್ಲಿ ಜೆರ್ಸಿಯನ್ನು ಉಲ್ಟಾ ಹಾಕಿಕೊಂಡಿದ್ದೇನೆ.