ಸೀಸರನ ಕೊಲೆಗೆ ಎರಡು ಪ್ಯಾರಾ ಸಾಕು

ರೋಮ್ ಗಣರಾಜ್ಯದ ಅಂತ್ಯದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆವು. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೂ ಈ ರೂಪದಲ್ಲಿ ಪ್ರಕಟಿಸಲಾರೆವು. ಎಂಟು ಪುಟಗಳಲ್ಲಿ ಆರು ಪುಟ ಕ್ರಿ.ಪೂ. 44ರ ಮಾರ್ಚ್ 15ರಂದು ನಡೆದ ಸೀಸರನ ಕೊಲೆಗೇ ಹೋಗಿವೆ, ಅವನ ದತ್ತುಪುತ್ರ, ಮುಂದೆ ರೋಮನ್ನು ಆಳಿದ ಅಗಸ್ಟಸ್‌ಗೆ ಸಿಕ್ಕಿದ್ದು ಕೊನೆಯ ಒಂದು ಪ್ಯಾರಾ. ನಿಜವಾದ ಬದಲಾವಣೆ ಆಗಿದ್ದು ಆ ಪ್ಯಾರಾದ ಕಾಲದಲ್ಲಿ.

ಮೊದಲು ತಪ್ಪುಗಳು. ಸೀಸರ್ ಚಕ್ರವರ್ತಿಯಲ್ಲ, ಆಜೀವ ಸರ್ವಾಧಿಕಾರಿ. ಕೊಲೆ ನಡೆದದ್ದು ನಗರಚೌಕವಾದ ಫೋರಮ್ಮಿನಲ್ಲಲ್ಲ, ಪಾಂಪೆಯ ರಂಗಮಂದಿರಕ್ಕೆ ಸೇರಿದ ಸಭಾಂಗಣದಲ್ಲಿ. ಕೊಲೆಯ ಬೆನ್ನಿಗೇ ಸೀಸರನ ಸಹಚರ ಆಂಟನಿ ಸರ್ವಾಧಿಕಾರಿ ಹುದ್ದೆಯನ್ನೇ ಕಾನೂನಿನ ಮೂಲಕ ರದ್ದು ಮಾಡಿದ. ಇದನ್ನು ನೀವು ಬಿಟ್ಟಿದ್ದೀರಿ. ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಆ ಹುದ್ದೆ ವಹಿಸಿಕೊಳ್ಳಿ ಎಂದು ಕ್ರಿ.ಪೂ. 22ರಲ್ಲಿ ಜನರೇ ಒತ್ತಾಯಿಸಿದರೂ ಅಗಸ್ಟಸ್ ಒಪ್ಪಲಿಲ್ಲ.

“ಆಕ್ಟಿಯಮ್ ಗೆದ್ದು ಸೆನೆಟ್ ಮುಚ್ಚಿಸಿ ಸಿಂಹಾಸನವೇರಿದ” ಎಂದು ಬರೆದಿದ್ದೀರಿ. ಸೆನೆಟ್ (ಕುಲೀನರ ಹಿರಿಯ ಸಭೆ) ಮುಚ್ಚಲಿಲ್ಲ, ಸಿಂಹಾಸನವೂ ಇರಲಿಲ್ಲ. ಆಂಟನಿ, ಕ್ಲಿಯೋಪಾತ್ರರ ವಿರುದ್ಧದ ಆ ನೌಕಾಯುದ್ಧ ನಡೆದದ್ದು ಕ್ರಿ.ಪೂ. 31ರ ಸೆಪ್ಟೆಂಬರಿನಲ್ಲಿ. ಕ್ರಿ.ಪೂ. 27ರ ಜನವರಿಯಲ್ಲಿ ಆಕ್ಟೇವಿಯನ್ (ಅಗಸ್ಟಸನ ಆಗಿನ ಹೆಸರು) ಅಧಿಕಾರವನ್ನೆಲ್ಲ ಸೆನೆಟ್ಟಿಗೆ ಒಪ್ಪಿಸುವುದಾಗಿ ಹೇಳಿದ. ಸೆನೆಟ್ ಸ್ಪೇನ್, ಗಾಲ್ (ಇಂದಿನ ಫ್ರಾನ್ಸಿನ ಸುತ್ತಿನ ಪ್ರದೇಶ), ಸಿರಿಯಾಗಳನ್ನು ಹತ್ತು ವರ್ಷಕ್ಕೆ ಅವನಿಗೇ ವಹಿಸಿತು. ದಂಡುಗಳಲ್ಲಿ ಹೆಚ್ಚಿನವು ಇದ್ದದ್ದು ಅಲ್ಲೇ! ಅಗಸ್ಟಸ್ ಎಂಬ ಬಿರುದು ಬಂದದ್ದೂ ಆ ವಾರವೇ.

ಇಷ್ಟಾದರೂ ಒಂದು ತೊಡಕಿತ್ತು. ವರ್ಷಕ್ಕೆ ಇಬ್ಬರೇ ಕಾನ್ಸುಲರು, ಅಂದರೆ ಚುನಾಯಿತ ಅತ್ಯುನ್ನತ ಅಧಿಕಾರಿಗಳು; ಒಂದು ಸ್ಥಾನದಲ್ಲಿ ಕ್ರಿ.ಪೂ. 31ರಿಂದ ಅವನೇ ಕೂತಿದ್ದ, ಹಳೆಯ ಮನೆತನಗಳಿಗೆ ಅದು ಕಣ್ಣುರಿ. ಕ್ರಿ.ಪೂ. 23ರಲ್ಲಿ ಹುದ್ದೆ ಬಿಟ್ಟ, ಅಧಿಕಾರ ಬಿಡಲಿಲ್ಲ. ಪೆಟ್ರೀಷಿಯನ್ (ಹಳೆಯ ಕುಲೀನ ವರ್ಗದವ) ಆಗಿದ್ದರಿಂದ ಟ್ರಿಬ್ಯೂನ್ (ಸಾಮಾನ್ಯ ಜನರ ಪ್ರತಿನಿಧಿ) ಆಗುವಂತಿರಲಿಲ್ಲ. ಟ್ರಿಬ್ಯೂನನ ಅಧಿಕಾರವನ್ನಷ್ಟೇ ಆಜೀವ ಪಡೆದ. ಯಾವ ನಿರ್ಣಯವನ್ನೂ ತಡೆಯಬಹುದು, ಸೆನೆಟ್ ಕರೆಯಬಹುದು, ಮಸೂದೆ ಮಂಡಿಸಬಹುದು, ಮೈಮುಟ್ಟಿದವನು ಅಪರಾಧಿ. ಜೊತೆಗೆ ಉಳಿದ ಪ್ರಾಂತಾಧಿಪತಿಗಳಿಗಿಂತ ಮೇಲಿನ ಸೇನಾಧಿಕಾರ. ಕಾನ್ಸುಲರ ಚುನಾವಣೆ ಎಂದಿನಂತೆ ನಡೆಯುತ್ತಲೇ ಇತ್ತು. ಇದಕ್ಕೆ ಪೂರ್ತಿ ಎರಡು ಪುಟ ಕೊಡಿ. ಸೀಸರನ 23 ಇರಿತಗಳನ್ನು ಬಿಡಿಸಿ ಹೇಳಿದಷ್ಟೇ ತಾಳ್ಮೆಯಿಂದ ಈ ಒಂದೊಂದು ಅಧಿಕಾರವನ್ನೂ ಬಿಡಿಸಿ ಹೇಳಿ.

ಹಣದ ಮಾತೇ ಇಲ್ಲ ನಿಮ್ಮಲ್ಲಿ. ನಿವೃತ್ತ ಸೈನಿಕ ಜಮೀನಿಗಾಗಿ ತನ್ನ ದಂಡನಾಯಕನ ಮುಖ ನೋಡುತ್ತಿದ್ದ, ಕ್ರಿ.ಪೂ. 88ರಲ್ಲಿ ದಂಡನಾಯಕ ಸುಲ್ಲಾನ ಸೈನ್ಯ ರೋಮಿನ ಮೇಲೇ ನುಗ್ಗಿದ್ದಕ್ಕೆ ಇದೂ ಕಾರಣ. ಕ್ರಿ.ಶ. 6ರಲ್ಲಿ ಅಗಸ್ಟಸ್ 17 ಕೋಟಿ ಸೆಸ್ಟರ್ಸ್ (ರೋಮಿನ ನಾಣ್ಯ) ಹಾಕಿ ಸೇನಾ ಖಜಾನೆ ತೆರೆದ, ಅದು ಬತ್ತದಿರಲೆಂದು ಉತ್ತರಾಧಿಕಾರದ ಆಸ್ತಿಗೆ 5% ತೆರಿಗೆ ಹಾಕಿದ. ಲೇಖನವನ್ನು ಸುಲ್ಲಾನಿಂದ ಶುರುಮಾಡಿದರೆ ಈ ಎಳೆ ತಾನಾಗಿ ಕೂಡಿಕೊಳ್ಳುತ್ತದೆ.

ಗ್ಲಾಡಿಯೇಟರುಗಳ ಪ್ಯಾರಾ ತೆಗೆಯಿರಿ, ಕ್ಲಿಯೋಪಾತ್ರಳ ಸೌಂದರ್ಯವರ್ಣನೆಯನ್ನೂ. ಕೊನೆಗೆ ಕ್ರಿ.ಶ. 14ಕ್ಕೆ ಬನ್ನಿ: ಅಗಸ್ಟಸ್ ತೀರಿಕೊಂಡಾಗ ಅವನ ಉತ್ತರಾಧಿಕಾರಿ ಟೈಬೀರಿಯಸ್‌ನ ಕೈಯಲ್ಲಿ ಟ್ರಿಬ್ಯೂನ್ ಅಧಿಕಾರವೂ ಸೇನಾಧಿಕಾರವೂ ಆಗಲೇ ಇದ್ದವು. ತಿದ್ದಿದ ಪ್ರತಿ ಐದು ಪುಟ ಮೀರದಿರಲಿ.