ಕಡಿಮೆ ಬೆಲೆ ಕಂಡಾಗ ಮಾರುವವರು ಯಾರೆಂದು ನೋಡಿ

ಆನ್‌ಲೈನ್ ಖರೀದಿಯ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಕೆಲವು ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಮಗಳ ಮದುವೆಗೆ ಬೀಗರ ಕಡೆಯವರಿಗೆ ಕೊಡಲು ಹತ್ತು ಸೀರೆ ಬೇಕು. ‘ಮೈಸೂರು ಸಿಲ್ಕ್, ಫ್ಯಾಕ್ಟರಿ ರೇಟು, ₹1,499’ ಎಂಬ ಜಾಹೀರಾತು ಇನ್‌ಸ್ಟಾಗ್ರಾಂನಲ್ಲಿ ದಿನಾ ಬರುತ್ತಿದೆ. ತರಿಸಬಹುದೇ?
— ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ಬೇಡ. ರೇಷ್ಮೆ ಗೂಡಿನ ಲೆಕ್ಕ ಹಾಕಿದರೇ ಸಾಕು, ಬಂಡವಾಳ ಬಯಲಾಗುತ್ತದೆ. ಒಂದು ಕೆ.ಜಿ. ಕಚ್ಚಾ ರೇಷ್ಮೆಗೆ ಸುಮಾರು ಏಳು ಕೆ.ಜಿ. ಗೂಡು ಬೇಕು. ಕಚ್ಚಾ ನೂಲಿನ ಅಂಟನ್ನು ಬೇಯಿಸಿ ತೆಗೆದಾಗ ತೂಕದಲ್ಲಿ ಕಾಲು ಭಾಗದಷ್ಟು ಇಳಿಯುತ್ತದೆ. ಹಾಗಾಗಿ ಅರ್ಧ ಕೆ.ಜಿ. ತೂಗುವ ಸೀರೆಯ ಹಿಂದೆ ನಾಲ್ಕೂವರೆ ಕೆ.ಜಿ.ಗೂ ಮೇಲೆ ಗೂಡು ಇರುತ್ತದೆ. ಗೂಡಿಗೆ ಕೆ.ಜಿ.ಗೆ ₹500 ಎಂದೇ ಇಟ್ಟುಕೊಳ್ಳಿ, ರೈತನ ಕೈಗೆ ಹೋಗಬೇಕಾದದ್ದೇ ₹2,250ಕ್ಕೂ ಹೆಚ್ಚು. ಜರಿ, ಬಣ್ಣ, ನೇಯ್ಗೆಯ ಕೂಲಿ ಇನ್ನೂ ಸೇರಿಲ್ಲ. ₹1,499ಕ್ಕೆ ಬರುವುದು ಪಾಲಿಯೆಸ್ಟರ್, ಇಲ್ಲವೇ ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಅದನ್ನು ಅದೇ ಹೆಸರಿನಲ್ಲಿ ಮಾರಿದರೆ ತಪ್ಪೇನಿಲ್ಲ, ಉಡಲೂ ಚೆನ್ನಾಗಿರುತ್ತದೆ. ಮೈಸೂರು ಸಿಲ್ಕ್ ಎಂದು ಮಾರುವುದು ಮೋಸ.

ಈ ಹೆಸರಿಗೆ ಭೌಗೋಳಿಕ ಸೂಚಕ (ಜಿಐ, ಒಂದು ಪ್ರದೇಶದ ವಿಶಿಷ್ಟ ಸರಕಿನ ಹೆಸರಿಗೆ ಸಿಗುವ ಕಾನೂನು ರಕ್ಷಣೆ) ನೋಂದಣಿ ಪಡೆದಿರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ, ಅಂದರೆ ಕೆಎಸ್‌ಐಸಿ. 1912ರಲ್ಲಿ ಶುರುವಾದ, ಮಾನಂದವಾಡಿ ರಸ್ತೆಯ ನೇಯ್ಗೆ ಕಾರ್ಖಾನೆ ಅದರದ್ದೇ. ನಿಗಮದ ಸೀರೆಗೆ ಹೊಲೊಗ್ರಾಂ ಮತ್ತು ಸಂಕೇತ ಸಂಖ್ಯೆ ಇರುತ್ತದೆ. ಹಬ್ಬದ ಹೊತ್ತಿಗೆ ನಿಗಮವೇ ರಿಯಾಯಿತಿ ಘೋಷಿಸುವುದುಂಟು. ಮದುವೆಗೆ ಸಮಯವಿದ್ದರೆ ಅದಕ್ಕೆ ಕಾಯುವುದು ಮೇಲು.

ಬೇರೆ ನೇಕಾರರ ರೇಷ್ಮೆ ಸೀರೆಯಾದರೆ ಸಿಲ್ಕ್ ಮಾರ್ಕ್ ಲೇಬಲ್ ಕೇಳಿ. ಇದು ಕೇಂದ್ರ ರೇಷ್ಮೆ ಮಂಡಳಿಯ ಯೋಜನೆ. ಬಟ್ಟೆ ಶುದ್ಧ ರೇಷ್ಮೆ ಎಂಬುದಕ್ಕೆ ಮಾತ್ರ ಅದು ಖಾತರಿ, ಜರಿ ಚಿನ್ನ-ಬೆಳ್ಳಿಯದೋ ಅಲ್ಲವೋ ಎಂಬುದಕ್ಕಲ್ಲ. ಸೀರೆ ಮನೆಗೆ ಬಂದ ದಿನವೇ ಅಂಚಿನ ಒಳಭಾಗದಿಂದ ಹಾಸಿನ ಎಳೆ ಒಂದು, ಹೊಕ್ಕಿನ ಎಳೆ ಒಂದು ಎಳೆದು ಸುಟ್ಟು ನೋಡಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಎರಡೂ ಎಳೆ ಏಕೆಂದರೆ, ಒಂದು ದಿಕ್ಕಿಗೆ ರೇಷ್ಮೆ, ಇನ್ನೊಂದಕ್ಕೆ ಪಾಲಿಯೆಸ್ಟರ್ ಹಾಕಿ ನೇಯ್ದ ಸೀರೆಗಳಿವೆ.

ಜಾಹೀರಾತು ಕೊಟ್ಟವರ ಜಿಎಸ್‌ಟಿ ಸಂಖ್ಯೆಯನ್ನೂ ಕೇಳಿ. ಹದಿನೈದು ಅಕ್ಷರಗಳ ಆ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಗುರುತು: ಕರ್ನಾಟಕಕ್ಕೆ 29, ಗುಜರಾತಿಗೆ 24. ‘ಮೈಸೂರಿನ ಫ್ಯಾಕ್ಟರಿ’ಯವರ ಸಂಖ್ಯೆ 24ರಿಂದ ಶುರುವಾದರೆ ಮುಂದಿನ ಮಾತು ಬೇಕಿಲ್ಲ. 29 ಇದ್ದರೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ, ಯಾರ ಹೆಸರಿಗೆ ನೋಂದಣಿಯಾಗಿದೆ, ಅದು ಈಗಲೂ ಚಾಲ್ತಿಯಲ್ಲಿದೆಯೇ ಎಂದು ನೋಡಿ.

ಪ್ರಶ್ನೆ: ದಸರಾ ಸೇಲ್‌ನಲ್ಲಿ ಶೇ 60 ರಿಯಾಯಿತಿ ಎನ್ನುತ್ತಾರೆ. ನಿಜವಾಗಿ ಅಷ್ಟು ಉಳಿಯುತ್ತದೆಯೇ? ನೋ-ಕಾಸ್ಟ್ ಇಎಂಐಗೆ ಬಡ್ಡಿ ಇಲ್ಲವೆನ್ನುವುದು ಸರಿಯೇ?
— ಕಾಲೇಜು ಉಪನ್ಯಾಸಕ, ಮಂಡ್ಯ

ಉತ್ತರ: ಆ ಶೇಕಡಾವಾರನ್ನು ಎಂಆರ್‌ಪಿಯ ಮೇಲೆ ಲೆಕ್ಕ ಹಾಕಿರುತ್ತಾರೆ. ಎಂಆರ್‌ಪಿ ಎಂದರೆ ದಾಟಬಾರದ ಗರಿಷ್ಠ ಬೆಲೆ, ತಯಾರಕರೇ ಮುದ್ರಿಸುವುದು. ಆ ಬೆಲೆಗೆ ಯಾರೂ ಯಾವತ್ತೂ ಮಾರಿಲ್ಲದಿರಬಹುದು. ಬೇಕಾದ ವಸ್ತುವಿನ ಪೂರ್ತಿ ಮಾಡೆಲ್ ಸಂಖ್ಯೆ ಬರೆದಿಟ್ಟುಕೊಂಡು, ಸೇಲ್‌ಗೆ ನಾಲ್ಕು ವಾರ ಮೊದಲಿಂದ ವಾರಕ್ಕೊಮ್ಮೆ ಬೆಲೆ ಗುರುತು ಹಾಕಿ. ಕೊನೆಯ ಒಂದು ಅಕ್ಷರ ಬೇರೆಯಾದರೂ ಮಾಡೆಲ್ ಬೇರೆ: ಮಿಕ್ಸಿಯಾದರೆ ಒಂದು ಜಾರ್ ಕಡಿಮೆ, ಟಿವಿಯಾದರೆ ಹಳೆಯ ಪ್ಯಾನಲ್. ವಿತರಣೆ, ಹ್ಯಾಂಡ್ಲಿಂಗ್ ಎಂದೆಲ್ಲ ಕೊನೆಯ ಪುಟದಲ್ಲಿ ಸೇರುವ ಶುಲ್ಕ ಕೂಡಿದ ಮೇಲೆ ಬರುವ ಮೊತ್ತವನ್ನು ನಿಮ್ಮೂರ ಅಂಗಡಿಯ ಬೆಲೆಯ ಜೊತೆ ಹೋಲಿಸಿ. ಫ್ರಿಜ್, ವಾಷಿಂಗ್ ಮಷಿನ್‌ಗಳಲ್ಲಿ ಸಾಗಣೆ, ಜೋಡಣೆ ಎಲ್ಲ ಸೇರಿದರೆ ಸ್ಥಳೀಯ ಅಂಗಡಿಯವರೇ ಅಗ್ಗವಾಗುವುದು ಅಪರೂಪವೇನಲ್ಲ. ಆನ್‌ಲೈನ್ ಬೆಲೆ ತೋರಿಸಿ ಕೇಳಿ, ಇಳಿಸುತ್ತಾರೆ.

ಬಡ್ಡಿರಹಿತ ಇಎಂಐ ಯೋಜನೆಗಳನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆದಿದೆ. ಹೀಗಾಗಿ ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನು ಬೆಲೆಯಲ್ಲಿ ಮೊದಲೇ ಕಳೆಯುತ್ತಾರೆ. ₹18,000ದ ಫೋನ್, ಆರು ಕಂತು, ತಿಂಗಳಿಗೆ ₹3,000 ಎಂದುಕೊಳ್ಳಿ. ವಾರ್ಷಿಕ ಶೇ 15ರ ದರದಲ್ಲಿ ಅದರೊಳಗಿನ ಬಡ್ಡಿ ಸುಮಾರು ₹762. ಈ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಅಂದರೆ ₹137, ನಿಮ್ಮ ತಲೆಗೆ. ಪ್ರೊಸೆಸಿಂಗ್ ಶುಲ್ಕ ₹199 ಇದ್ದರೆ ತೆರಿಗೆ ಸೇರಿ ₹235. ಒಟ್ಟು ₹372 ಹೆಚ್ಚುವರಿ. ಒಮ್ಮೆಗೇ ಪಾವತಿಸಿದವರಿಗೆ ಸಿಗುವ ಕಾರ್ಡ್ ರಿಯಾಯಿತಿ ಇಎಂಐಗೂ ಉಂಟೇ ಎಂದು ನೋಡಿ. ಇಲ್ಲದಿದ್ದರೆ ನಷ್ಟ ಇನ್ನೂ ದೊಡ್ಡದು.

ಪ್ರಶ್ನೆ: ಐದು ಲೀಟರ್ ಕುಕ್ಕರ್ ಅರ್ಧ ಬೆಲೆಗೆ ಸಿಗುತ್ತಿದೆ. ದೊಡ್ಡ ಆ್ಯಪ್ ಅಲ್ಲವೇ, ನಂಬಬಹುದಲ್ಲ?
— ಓದುಗರು, ನಂಜನಗೂಡು

ಉತ್ತರ: ಆ್ಯಪ್ ಎಂದರೆ ಸಂತೆಮಾಳ, ಅಂಗಡಿ ಹೂಡಿದವರು ಬೇರೆ. ವಸ್ತುವಿನ ಪುಟದಲ್ಲಿ ‘ಸೋಲ್ಡ್ ಬೈ’ ಎಂದಿರುವ ಕಡೆ ಒತ್ತಿದರೆ ಮಾರಾಟಗಾರರ ಹೆಸರು, ವಿಳಾಸ ಕಾಣಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅದನ್ನು ತೋರಿಸುವುದು ಕಡ್ಡಾಯ. ಪ್ರೆಷರ್ ಕುಕ್ಕರಿಗೆ ಐಎಸ್‌ಐ ಗುರುತೂ ಕಡ್ಡಾಯ. ಗುರುತಿನ ಮೇಲೆ ‘ಐಎಸ್ 2347’ ಎಂದೂ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆಯೂ ಇರಬೇಕು. ಐಎಸ್‌ಐ ಗುರುತು ಕೊಡುವ ಭಾರತೀಯ ಮಾನಕ ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಹೆಸರು ಹೊಂದದಿದ್ದರೆ ಒಲೆಯ ಮೇಲಿಡದೆ ವಾಪಸ್ ಮಾಡಿ. ಸೇಫ್ಟಿ ವಾಲ್ವ್ ಕೆಲಸ ಮಾಡದ ಕುಕ್ಕರ್ ಸಿಡಿದರೆ ಉಳಿಸಿದ ದುಡ್ಡು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಪ್ರಶ್ನೆ: ಫೋನ್ ತರಿಸಿದವರಿಗೆ ಸೋಪು, ಕಲ್ಲು ಬಂದದ್ದನ್ನು ಕೇಳಿದ್ದೇವೆ. ಪಾರ್ಸೆಲ್ ಪಡೆಯುವಾಗ ಏನು ಮಾಡಬೇಕು?
— ಓದುಗರು, ಮದ್ದೂರು

ಉತ್ತರ: ‘ಓಪನ್ ಬಾಕ್ಸ್ ಡೆಲಿವರಿ’ ಇದ್ದರೆ ಅದನ್ನೇ ಆರಿಸಿ. ತಂದವರು ನಿಮ್ಮೆದುರು ಪೆಟ್ಟಿಗೆ ತೆರೆದು, ನೀವು ನೋಡಿ ಒಪ್ಪಿದ ಮೇಲೆ ಓಟಿಪಿ ಹೇಳಿ. ಓಟಿಪಿ ಹೇಳಿದರೆ ಸರಿಯಾದ ಮಾಲು ಪಡೆದೆವೆಂದು ಸಹಿ ಹಾಕಿದ ಹಾಗೆಯೇ. ಆ ಸೌಲಭ್ಯವಿಲ್ಲದಿದ್ದರೆ ವಿಡಿಯೊ ಬೇಕು: ಮುಚ್ಚಿದ ಪೆಟ್ಟಿಗೆಯ ಆರೂ ಬದಿ, ಟೇಪಿನ ಅಂಚು, ಲೇಬಲ್ಲಿನ ಟ್ರ್ಯಾಕಿಂಗ್ ಸಂಖ್ಯೆ, ಆಮೇಲೆ ಬಿಚ್ಚುವುದು, ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಪೆಟ್ಟಿಗೆಯ ಮೇಲಿನದರ ಜೊತೆ ಹೊಂದುವುದು. ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಕಂಪನಿಯವರು ಒಪ್ಪುವುದಿಲ್ಲ, ಒಂದೇ ಓಟದಲ್ಲಿರಲಿ. ಟೇಪು ಹರಿದು ಮತ್ತೆ ಅಂಟಿಸಿದಂತಿದ್ದರೆ ಪಡೆಯಲೇಬೇಡಿ. ‘ರಿಟರ್ನ್’ ಮತ್ತು ‘ರಿಪ್ಲೇಸ್‌ಮೆಂಟ್ ಮಾತ್ರ’ ಬೇರೆ ಬೇರೆ. ಎರಡನೆಯದರಲ್ಲಿ ಹಣ ವಾಪಸ್ ಸಿಗುವುದು ಕಷ್ಟ.

ಪ್ರಶ್ನೆ: ‘ನಿಮ್ಮ ಪಾರ್ಸೆಲ್ ವಿಳಾಸ ತಪ್ಪಾಗಿದೆ’ ಎಂದು ಅಂಚೆ ಇಲಾಖೆಯ ಹೆಸರಿನಲ್ಲಿ ಸಂದೇಶ ಬಂತು. ಇನ್ನೊಬ್ಬರು ಕೊರಿಯರ್‌ನವರೆಂದು ಹೇಳಿ ಸ್ಟಾರ್ 401 ಒತ್ತಲು ಹೇಳಿದರು.
— ಓದುಗರು, ಕೃಷ್ಣರಾಜಪೇಟೆ

ಉತ್ತರ: ಎರಡೂ ವಂಚನೆ. ಲಿಂಕ್ ಒತ್ತಬೇಡಿ. ಸ್ಟಾರ್ 401 ಸ್ಟಾರ್ ಒತ್ತಿ ಅವರು ಹೇಳಿದ ಸಂಖ್ಯೆ ಹಾಕಿದರೆ ನಿಮ್ಮ ಕರೆಗಳೆಲ್ಲ ಅವರಿಗೆ ಹೋಗುತ್ತವೆ, ಕರೆಯಲ್ಲಿ ಬರುವ ಓಟಿಪಿ ಕೂಡ. ಈಗಾಗಲೇ ಒತ್ತಿದ್ದರೆ ##002# ಒತ್ತಿ ಕರೆ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಆಮೇಲೆ ವಾಟ್ಸ್ಆ್ಯಪ್ ಮತ್ತು ಬ್ಯಾಂಕ್ ಖಾತೆ ಪರಿಶೀಲಿಸಿ.

ಪ್ರಶ್ನೆ: ಒಂದು ವೆಬ್‌ಸೈಟಿಗೆ ಯುಪಿಐನಲ್ಲಿ ₹8,400 ಕಟ್ಟಿದೆ. ಮರುದಿನ ಸೈಟೇ ಮಾಯ. ವಿಳಾಸದ ಪಕ್ಕದಲ್ಲಿ ಬೀಗದ ಗುರುತೂ ಇತ್ತು. ಹಣ ವಾಪಸ್ ಬರುತ್ತದೆಯೇ?
— ಕೃಷಿಕರು, ಶ್ರೀರಂಗಪಟ್ಟಣ

ಉತ್ತರ: ಬೀಗದ ಗುರುತು ಹೇಳುವುದು ನಿಮಗೂ ಆ ಸೈಟಿಗೂ ನಡುವಿನ ಮಾಹಿತಿಯನ್ನು ಮೂರನೆಯವರು ಓದಲಾಗದು ಎಂದಷ್ಟೇ. ಸೈಟ್ ನಡೆಸುವವರು ಕಳ್ಳರಾದರೆ ಅದು ತಡೆಯದು.

ಈ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಹೋದ ಖಾತೆಯಿಂದ ಇನ್ನೂ ತೆಗೆದಿರದಿದ್ದರೆ ಬ್ಯಾಂಕು ಅದನ್ನು ತಡೆಹಿಡಿಯಬಲ್ಲದು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತದೆ. ಪಾವತಿಯ ಗುರುತಾದ ಹನ್ನೆರಡು ಅಂಕಿಯ ಯುಟಿಆರ್ ಸಂಖ್ಯೆ, ದಿನ, ಸಮಯ, ಮೊತ್ತ, ಪಡೆದವರ ಯುಪಿಐ ಐಡಿ ಎದುರಿಗಿರಲಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲೂ ದೂರು ದಾಖಲಿಸಿ, ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ, ದೂರಿನ ಸಂಖ್ಯೆ ಹಿಡಿದು ಮಂಡ್ಯದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮವನ್ನು ಹಲವರು ನೆಚ್ಚಿಕೊಳ್ಳುತ್ತಾರೆ. ಅದು ಗ್ರಾಹಕರ ಒಪ್ಪಿಗೆಯಿಲ್ಲದೆ, ಮೂರನೆಯವರ ಲೋಪದಿಂದ ಹೋದ ಹಣಕ್ಕೆ. ನೀವೇ ಪಿನ್ ಹಾಕಿ ಕಳಿಸಿದ್ದಕ್ಕೆ ಆ ರಕ್ಷಣೆ ಸಿಗುವುದು ಕಷ್ಟ. ‘ಹಣ ವಾಪಸ್ ಕೊಡಿಸುತ್ತೇವೆ, ಮೊದಲು ಶುಲ್ಕ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಅದು ಎರಡನೇ ಸುತ್ತಿನ ವಂಚನೆ.

ಮಾರಾಟಗಾರರು ನಿಜವಾಗಿದ್ದು, ಕೆಟ್ಟ ಮಾಲು ಕೊಟ್ಟು ಸತಾಯಿಸುತ್ತಿದ್ದರೆ ದಾರಿ ಬೇರೆ. ಆ್ಯಪ್‌ನ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದಕ್ಕೆ ಉತ್ತರಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾರಿದವರು ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ಬಿಲ್ ಇಲ್ಲದೆ ಮಾತ್ರ ಹೋಗಬೇಡಿ.

ಪ್ರಶ್ನೆ: ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದೆ. ಕೊಳ್ಳುವವರು ‘ಹಣ ಕಳಿಸುತ್ತೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುತ್ತಾರೆ.
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಸೋಫಾ ಸಾಗಿಸಲು ಬಂದಾಗಲೇ ಹಣ ಪಡೆಯಿರಿ. ಅವರು ತೋರಿಸುವ ಸ್ಕ್ರೀನ್‌ಶಾಟ್ ಬಿಟ್ಟು, ನಿಮ್ಮ ಬ್ಯಾಂಕ್ ಆ್ಯಪ್ ತೆರೆದು ಖಾತೆಗೆ ಹಣ ಬಿದ್ದಿದೆಯೇ ನೋಡಿ, ಆಮೇಲೆ ಗಾಡಿಗೆ ಏರಿಸಲು ಹೇಳಿ.