ಎರಡೇ ಆಲ್ಬಂ ಯಾಕೆ?

ಮಾನ್ಯರೇ,

ಅಮೆರಿಕದ ಜಾಝ್ ವಾದಕಿ ವೈ ರೆಡ್ ಬಗ್ಗೆ ನಾವು ಪ್ರಕಟಿಸಿದ ಲೇಖನಕ್ಕೆ ತಾವು ಬರೆದ ಪತ್ರ ತಲುಪಿದೆ. ‘ಅಷ್ಟು ದೊಡ್ಡ ಸ್ಯಾಕ್ಸೋಫೋನ್ ವಾದಕಿಯಾಗಿದ್ದರೆ ಅವರ ಹೆಸರಿನಲ್ಲಿ ಎರಡೇ ಆಲ್ಬಂ ಯಾಕೆ? ಜಾಝ್‌ನಲ್ಲಿ ನೆಲೆ ಸಿಗದೆ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದವರನ್ನು ಅಟ್ಟಕ್ಕೇರಿಸಿದ್ದೀರಿ’ ಎಂದಿದ್ದೀರಿ. ಮೊದಲನೆಯದು ನ್ಯಾಯವಾದ ಪ್ರಶ್ನೆ. ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಆಲ್ಬಂ ಎರಡೇ, ನಿಜ: 1962ರ ‘ಬರ್ಡ್ ಕಾಲ್’, ಮರುವರ್ಷದ ‘ಲೇಡಿ ಸೋಲ್’. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಮೊದಲನೆಯದರ ಹೆಸರಿನಲ್ಲಿರುವ ‘ಬರ್ಡ್’ ಎಂದರೆ ಆ ಅಡ್ಡಹೆಸರಿನ ಪ್ರಸಿದ್ಧ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್. ಅದರಲ್ಲಿ ರೆಡ್ ಅವರ ಆಲ್ಟೊ ಸ್ಯಾಕ್ಸೋಫೋನ್ ಧಾರಾಳವಾಗಿ ಕೇಳಿಸುತ್ತದೆ. ಹಾಡು ನಿಲ್ಲಿಸಿದ ಕಡೆಯಿಂದಲೇ ವಾದ್ಯ ಮಾತು ಮುಂದುವರಿಸುತ್ತದೆ. ಎರಡನೆಯದರಲ್ಲಿ ಹಾಡುಗಾರಿಕೆಯೇ ಮುಂದೆ, ವಾದ್ಯ ಹಿಂದೆ. ಒಂದೇ ವರ್ಷದಲ್ಲಿ ಬೆರಳುಗಳು ಮರೆತುಬಿಟ್ಟವೇ? ಹೆಂಗಸು ಮೈಕಿನ ಮುಂದೆ ಹಾಡಿದರೆ ಸರಿ, ಸ್ಯಾಕ್ಸೋಫೋನ್ ಎತ್ತಿಕೊಂಡರೆ ವಿಚಿತ್ರ ಎಂದುಕೊಳ್ಳುತ್ತಿದ್ದ ಕಾಲ ಅದು. 1967ರಲ್ಲಿ ಲಂಡನ್ನಿನ ರಾನಿ ಸ್ಕಾಟ್ಸ್ ಕ್ಲಬ್ಬಿನಲ್ಲಿ ವಾರಗಟ್ಟಲೆ ನುಡಿಸಿದವರು, 1968ರಲ್ಲಿ ಹೆಸರಾಂತ ಜಾಝ್ ನಾಯಕ ಕೌಂಟ್ ಬೇಸಿ ಅವರ ತಂಡದ ಜೊತೆ ವೇದಿಕೆ ಏರಿದವರು ನೆಲೆ ಸಿಗದವರು ಹೇಗಾಗುತ್ತಾರೆ? ಆಲ್ಬಂ ಲೆಕ್ಕ ಹಿಡಿದರೆ ನಮಗೆ ತಿಳಿಯುವುದು ಕಂಪನಿಗಳು ಯಾರನ್ನು ಸ್ಟುಡಿಯೋಗೆ ಕರೆದವು ಎಂಬುದಷ್ಟೇ.

ಇನ್ನು ಪಾಠ. ಇದೇ ನನ್ನನ್ನು ಹೆಚ್ಚು ಕಾಡಿದ್ದು. ವೈ ರೆಡ್ 1928ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದರು. ತಂದೆ ಆಲ್ಟನ್ ರೆಡ್ ಡ್ರಮ್ಸ್ ವಾದಕರು. ಆದರೆ ಮಗಳಿಗೆ ವಾದ್ಯ ಕಲಿಸಿದ್ದು ವರಸೆಯಲ್ಲಿ ಅಜ್ಜಿಯಾಗಬೇಕಾದ ಆಲ್ಮಾ ಹೈಟವರ್. ನೆರೆಹೊರೆಯ ಮಕ್ಕಳನ್ನು ಒಟ್ಟುಗೂಡಿಸಿ ಬ್ಯಾಂಡ್ ಕಟ್ಟಿದ ಗಟ್ಟಿಗಿತ್ತಿ ಆಕೆ. ಮುಂದೆ ಖ್ಯಾತ ಟ್ರಂಪೆಟ್ ವಾದಕ ಡಿಜ್ಜಿ ಗಿಲೆಸ್ಪಿ ಅವರ ತಂಡದಲ್ಲಿ ನುಡಿಸಿದ ಟ್ರೊಂಬೋನ್ ವಾದಕಿ ಮೆಲ್ಬಾ ಲಿಸ್ಟನ್ ಕೂಡ ಆಲ್ಮಾ ಅವರ ಶಿಷ್ಯೆಯೇ. ಅಂಥ ಮನೆಯಲ್ಲಿ ಬೆಳೆದವರು ಲಾಸ್ ಏಂಜಲೀಸ್‌ನ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿದರೆ ಅದನ್ನು ಸೋಲು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಸ್ಯಾಕ್ಸೋಫೋನ್ ಕಲಿಯುವ ಮಗುವಿನ ಮೊದಲ ವಾರಗಳನ್ನು ನೆನೆಸಿಕೊಳ್ಳಿ. ತುಟಿ ಸ್ವಲ್ಪ ಬಿಗಿಯಾದರೂ ಬಾಯಿಗಿಡುವ ತುದಿಯ ತೆಳು ಪಟ್ಟಿ, ಅಂದರೆ ರೀಡ್, ಕಿರುಚುತ್ತದೆ, ಉಸಿರು ಅರ್ಧದಲ್ಲೇ ಮುಗಿಯುತ್ತದೆ. ಒಂದೇ ಸ್ವರವನ್ನು ಅಲುಗಾಡದಂತೆ ಹಿಡಿದು ನಿಲ್ಲಿಸುವುದನ್ನು ದಿನವೂ ಮಾಡಿಸಬೇಕು. ಅದು ಕೈವಶವಾದ ಮೇಲೂ ಜಾಝ್ ಪೂರ್ತಿ ಕಾಗದದಲ್ಲಿ ಸಿಗುವುದಿಲ್ಲ; ಗುರು ಒಂದು ತುಣುಕು ನುಡಿಸಬೇಕು, ಶಿಷ್ಯೆ ಕೇಳಿ ತಿರುಗಿ ನುಡಿಸಬೇಕು, ಆಮೇಲೆ ತನ್ನದೇನಾದರೂ ಸೇರಿಸಬೇಕು. ಸ್ವತಃ ನುಡಿಸಲು ಬಾರದವರಿಂದ ಇದು ಆಗದ ಕೆಲಸ.

2001ರಲ್ಲಿ ವಾಷಿಂಗ್ಟನ್‌ನ ಕಲಾಕೇಂದ್ರವಾದ ಕೆನಡಿ ಸೆಂಟರ್ ವೈ ರೆಡ್ ಅವರಿಗೆ ಜಾಝ್ ಪಿಯಾನೋ ವಾದಕಿ ಮೇರಿ ಲೂ ವಿಲಿಯಮ್ಸ್ ಹೆಸರಿನ ಪ್ರಶಸ್ತಿ ಕೊಟ್ಟಿತು. 2022ರಲ್ಲಿ, 93ನೇ ವಯಸ್ಸಿನಲ್ಲಿ, ತೀರಿಕೊಂಡರು.

ತಮ್ಮ ಪತ್ರದಿಂದ ನಮ್ಮದೊಂದು ತಪ್ಪೂ ಕಣ್ಣಿಗೆ ಬಿತ್ತು. ಲೇಖನಕ್ಕೆ ‘ಮರೆತುಹೋದ ಗಾಯಕಿ’ ಎಂಬ ತಲೆಬರಹ ಕೊಟ್ಟವನು ನಾನೇ. ವಾದ್ಯ ಹಿಡಿದ ಚಿತ್ರದ ಮೇಲೆಯೇ ಆ ಪದ ಅಚ್ಚಾಗಿದೆ. ಮುಂದಿನ ಸಂಚಿಕೆಯಲ್ಲಿ ‘ಆಲ್ಟೊ ಸ್ಯಾಕ್ಸೋಫೋನ್ ವಾದಕಿ, ಗಾಯಕಿ, ಶಿಕ್ಷಕಿ’ ಎಂದು ತಿದ್ದುಪಡಿ ಪ್ರಕಟಿಸುತ್ತೇವೆ.

— ಸಂಪಾದಕ